ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹೊಸ ಕತೆ–ಕವಿತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ಬಿಡುಗಡೆ ಮುಗಿದು ಚಹಾದ ಕಪ್ಪು ಕೈಗೆ ಬಂದಾಗ, ಬಸ್ಸಿನಲ್ಲಿ ಪಕ್ಕದ ಸೀಟಿನಿಂದ, ವಾಟ್ಸಾಪಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳು ಕಲಬುರಗಿಯಲ್ಲಿ ಕೂತು ಓದುವ ಒಬ್ಬ ಓದುಗನವು. ಒಪ್ಪದವರು ಜಗಳಕ್ಕೆ ಬರಬಹುದು, ಚಹಾ ನನ್ನದು.

ಈ ಭಾಗದ ಬರಹ ಓದಬೇಕು ಅಂತ ಇದೆ. ಎಲ್ಲಿಂದ ಶುರು ಮಾಡಲಿ?

ಮೊದಲು ಒಂದು ಸಣ್ಣದು, ಆಮೇಲೆ ಒಂದು ದೊಡ್ಡದು.

ಸಣ್ಣದು ಕಪಿಲ ಪಿ. ಹುಮನಾಬಾದೆ ಅವರ ‘ಹಾಣಾದಿ’. ತೆಳ್ಳನೆಯ ಕಾದಂಬರಿ, ಬೀದರ್ ಕಡೆಯ ಮಾತು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಕೂತರೆ ಸಂಜೆಯೊಳಗೆ ಮುಗಿಯುತ್ತದೆ. ಬರೆದವರು ಈಗಿನ ತಲೆಮಾರಿನ ಹುಡುಗ ಅನ್ನುವುದು ಮುಖ್ಯ. ಈಗ ಇಲ್ಲಿ ಕನ್ನಡ ಗದ್ಯ ಎತ್ತ ಹೊರಟಿದೆ ಅನ್ನುವ ಅಂದಾಜು ಸಿಗುತ್ತದೆ.

ದೊಡ್ಡದು ಗೀತಾ ನಾಗಭೂಷಣ ಅವರ ‘ಬದುಕು’. ಹೊಸದು ಕೇಳಿದರೆ ಹಳೆಯ ತಲೆಮಾರಿನವರದು ಹೇಳುತ್ತೀರಲ್ಲ ಅನ್ನಬೇಡಿ. ಇವತ್ತು ಈ ಸೀಮೆಯ ಹುಡುಗ ಹುಡುಗಿಯರು ಮನೆಯಲ್ಲಿ ಆಡುವ ಮಾತನ್ನು ಅಂಜದೆ ಕಾಗದಕ್ಕೆ ಇಳಿಸುತ್ತಾರಲ್ಲ, ಆ ಧೈರ್ಯದ ದೊಡ್ಡ ಪಾಲು ಬಂದದ್ದು ಅಲ್ಲಿಂದ. ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ಅವರಿಗೆ ಈ ಕಾದಂಬರಿಗಾಗಿ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 2010ರಲ್ಲಿ ಗದಗಿನ ಅಖಿಲ ಭಾರತ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2020ರ ಜೂನ್‌ನಲ್ಲಿ ತೀರಿಕೊಂಡರು. ಸಮ್ಮೇಳನ, ಪ್ರಶಸ್ತಿ ಎಲ್ಲ ಪಕ್ಕಕ್ಕಿಟ್ಟು ಓದಿ. ಅಲ್ಲಿನ ಹೆಂಗಸರು ಬಯ್ಯುವ ರೀತಿ ಒಂದಕ್ಕಾಗಿಯಾದರೂ ಓದಬೇಕು.

ಹೊಸದು ಅಂದರೆ ಯಾವಾಗಿನಿಂದ?

2000ರ ಈಚೆಗೆ ಅಂತ ನಾನು ಇಟ್ಟುಕೊಂಡಿದ್ದೇನೆ. ಅದರ ಹಿಂದಿನದನ್ನು ಅಗತ್ಯವಿದ್ದಲ್ಲಿ ಮಾತ್ರ ಎಳೆದು ತರುತ್ತೇನೆ.

ಭಾಷೆ ತಿಳಿಯುವುದಿಲ್ಲ. ಪ್ರತಿ ಸಾಲಿಗೂ ನಿಲ್ಲಬೇಕಾಗುತ್ತದೆ. ಏನು ಮಾಡಲಿ?

ಇದು ಹೆಚ್ಚಾಗಿ ಬೆಂಗಳೂರು, ಮೈಸೂರು ಕಡೆಯವರ ಪ್ರಶ್ನೆ. ಈಗ ಕಲಬುರಗಿಯಲ್ಲೇ ಇಂಗ್ಲಿಷ್ ಮೀಡಿಯಂ ಓದಿದ ಮಕ್ಕಳೂ ಕೇಳುತ್ತಾರೆ, ಅದು ಬೇರೆ ಕತೆ.

ಜೋರಾಗಿ ಓದಿ. ನನಗೆ ಗೊತ್ತಿರುವ ಉಪಾಯ ಇದೊಂದೇ. “ಎಲ್ಲಿ ಹೊಂಟಿದಿ ತಂಗಿ, ಜರ ನಿಂದ್ರು, ನಾನೂ ಬರ್ಲಾಕತ್ತೀನಿ” ಅನ್ನುವುದನ್ನು ಕಣ್ಣಿನಿಂದ ಓದಿದರೆ ತೊಡಕು, ಬಾಯಿಂದ ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೊದಲ ಹತ್ತು ಪುಟ ಕಷ್ಟ. ಆಮೇಲೆ ಕಿವಿ ಒಗ್ಗುತ್ತದೆ. ಗೊತ್ತಿಲ್ಲದ ಪದ ಬಂದರೆ ನಿಲ್ಲದೆ ಮುಂದೆ ಹೋಗಿ, ಎರಡನೇ ಸಲ ಬಂದಾಗ ಅರ್ಥವಾಗುತ್ತದೆ, ಮೂರನೇ ಸಲ ನೀವೇ ಬಳಸುತ್ತೀರಿ.

ಇದು ಹೊಸ ತಕರಾರೂ ಅಲ್ಲ. ಮಳಖೇಡದಲ್ಲಿ, ಅಂದರೆ ಇವತ್ತಿನ ಸೇಡಂ ತಾಲ್ಲೂಕಿನ ಅದೇ ಊರಿನಲ್ಲಿ, ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಒಂಬತ್ತನೇ ಶತಮಾನದಲ್ಲೇ ‘ಕವಿರಾಜಮಾರ್ಗ’ದಲ್ಲಿ ಹೇಳಿಬಿಟ್ಟಿದ್ದಾನೆ: ಕನ್ನಡಗಳಲ್ಲಿ ದೇಸಿ ಬೇರೆ ಬೇರೆ, ಯಾವುದು ತಪ್ಪು ಅಂತ ಪಟ್ಟಿ ಮಾಡಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬರುತ್ತದೆ ಅಂತ. ಕನ್ನಡ ಅನ್ನದೆ ಕನ್ನಡಗಳು ಅಂದಿದ್ದಾನೆ ನೋಡಿ. ಕಾವೇರಿಯಿಂದ ಗೋದಾವರಿಯವರೆಗೆ ಅನ್ನುವ ಸಾಲನ್ನು ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ, ಈ ಮಾತನ್ನು ಯಾರೂ ಹೇಳುವುದಿಲ್ಲ.

ಓದುವಾಗ ಇನ್ನೊಂದನ್ನು ಗಮನಿಸಿ. ಈ ಮಾತು ಪುಸ್ತಕದಲ್ಲಿ ಯಾರ ಬಾಯಲ್ಲಿ ಬರುತ್ತದೆ? ಕತೆ ಹೇಳುವವನು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೇಳಿ, ಆಳು, ಮುದುಕಿ, ಕುಡುಕ ಇವರಿಗೆ ಮಾತ್ರ ಊರ ಮಾತು ಕೊಟ್ಟಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಮಾಸ್ತರ, ಡಾಕ್ಟರ, ಪೊಲೀಸ ಎಲ್ಲರೂ ಇಲ್ಲಿ ಅದೇ ಮಾತು ಆಡುತ್ತಾರೆ. ಈಗಿನ ಒಳ್ಳೆಯ ಕತೆಗಾರರು ನಿರೂಪಣೆಯನ್ನೂ ಈ ಮಾತಿಗೇ ತಂದುಬಿಟ್ಟಿದ್ದಾರೆ. ಓದಲು ನಿಧಾನವಾಗುತ್ತದೆ, ಆದರೆ ಲೇಖಕ ಮೇಲೆ ನಿಂತು ಕೆಳಗೆ ನೋಡುತ್ತಿದ್ದಾನೆ ಅನ್ನಿಸುವುದಿಲ್ಲ.

ಬರೀ ಬಿಸಿಲು, ಬರ, ಬಡತನ, ಗುಳೆ. ಬೇರೆ ಏನೂ ಇಲ್ಲವೇ?

ಅರ್ಧ ಒಪ್ಪುತ್ತೇನೆ. ಕಲ್ಯಾಣ ಕರ್ನಾಟಕ ಅಂದಕೂಡಲೇ ‘ಹಿಂದುಳಿದ’ ಅನ್ನುವ ಪದ ಸರ್ಕಾರಿ ಫೈಲಿನಿಂದ ಜಿಗಿದು ಸಾಹಿತ್ಯಕ್ಕೂ ಬಂದು ಕೂತಿದೆ. ಲೇಖಕರೂ ಕೆಲವೊಮ್ಮೆ ಆ ನಿರೀಕ್ಷೆಗೆ ತಕ್ಕಂತೆ ಬರೆದುಕೊಡುತ್ತಾರೆ: ಮೊದಲ ಪ್ಯಾರಾದಲ್ಲಿ ಬಿರುಕು ಬಿಟ್ಟ ನೆಲ, ಕೊನೆಯ ಪ್ಯಾರಾದಲ್ಲಿ ಒಂದು ಸಾವು. ಬೆಂಗಳೂರಿನ ತೀರ್ಪುಗಾರರಿಗೆ ಇಷ್ಟವಾಗುತ್ತದೆ ಅನ್ನುವ ಲೆಕ್ಕವೂ ಇರಬಹುದು.

ಆದರೆ ಗುಳೆ ಬಗ್ಗೆ ಬರೆಯಬಾರದು ಅಂತ ಅಲ್ಲ. ಹೇಗೆ ಬರೆದಿದ್ದಾರೆ ಅನ್ನುವುದನ್ನು ನೋಡಬೇಕು. ಒಳ್ಳೆಯ ಗುಳೆ ಕತೆಯಲ್ಲಿ ಕಣ್ಣೀರಿಗಿಂತ ವ್ಯವಹಾರ ಹೆಚ್ಚಿರುತ್ತದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮುಂಗಡ ಎಷ್ಟು ಕೊಟ್ಟ, ಯಾವ ಕೈಗೆ ಕೊಟ್ಟ, ಗಂಡನ ಕೈಗೋ ಅತ್ತೆಯ ಕೈಗೋ? ರೇಷನ್ ಕಾರ್ಡು ಯಾರ ಮನೆಯಲ್ಲಿ ಇಟ್ಟು ಹೋದರು? ಪುಣೆಯ ಕಟ್ಟಡದ ಹತ್ತಿರ ತಗಡಿನ ಶೆಡ್ಡಿನಲ್ಲಿ ಪಕ್ಕದವರು ಯಾವ ಜಾತಿ ಅಂತ ಎಷ್ಟನೇ ದಿನ ಗೊತ್ತಾಯಿತು? ಶಾಲೆಗೆ ಹೋಗುವ ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟರೋ, ತಮ್ಮನನ್ನು ನೋಡಿಕೊಳ್ಳಲು ಕರೆದುಕೊಂಡು ಹೋದರೋ? ಜಾತ್ರೆಗೆ ವಾಪಸು ಬಂದಾಗ ಹೊಸ ಮೊಬೈಲು ನೋಡಿ ಓಣಿಯಲ್ಲಿ ಯಾರ ಮುಖ ಸಣ್ಣದಾಯಿತು? ಇವುಗಳಲ್ಲಿ ಎರಡಕ್ಕಾದರೂ ಉತ್ತರ ಇದ್ದರೆ ಆ ಕತೆ ಬರೆದವರಿಗೆ ವಿಷಯ ಗೊತ್ತು. ಒಂದಕ್ಕೂ ಇಲ್ಲದೆ ಬರೀ ಆಕಾಶ ನೋಡುವ ರೈತ ಇದ್ದರೆ ಪುಸ್ತಕ ಮುಚ್ಚಬಹುದು.

ಇಲ್ಲಿನ ಬರಹವನ್ನು ಕನಿಕರದಿಂದ ಓದುವುದು ನಿಲ್ಲಿಸಿದ ದಿನ ಅದರ ಹಾಸ್ಯ ಕಾಣತೊಡಗುತ್ತದೆ. ನಮ್ಮ ಕಡೆ ಹೆಣದ ಮುಂದೆ ಕೂತವರೂ ಚೇಷ್ಟೆ ಮಾಡುತ್ತಾರೆ. ಆ ಚೇಷ್ಟೆ ಬರುವ ಕತೆ ಬಡತನದ ಕತೆಯಾದರೂ ಉಸಿರಾಡುತ್ತದೆ.

ಕಮ್ಮಿ ಇರುವುದು ಊರಿನ ಕತೆಯಲ್ಲ, ಶಹರದ ಕತೆ. ಶಹಾಬಾದಿನ ಕಲ್ಲುಗಣಿ, ವಾಡಿ ಮತ್ತು ಸೇಡಂನ ಸಿಮೆಂಟು ಫ್ಯಾಕ್ಟರಿ, ಕಲಬುರಗಿ ರಿಂಗ್ ರೋಡಿನ ಆಚೆ ಹುಟ್ಟಿಕೊಂಡ ಬಡಾವಣೆ, ಪರೀಕ್ಷೆಗೆ ಓದುತ್ತ ಬಾಡಿಗೆ ಕೋಣೆಯಲ್ಲಿ ವಯಸ್ಸು ಕಳೆಯುವ ಪದವೀಧರರು, ತೊಗರಿ ರೇಟಿನ ಮೇಲೆ ಮದುವೆ ನಿಶ್ಚಯವಾಗುವ ಅಡತ್ ಅಂಗಡಿ ಮನೆತನಗಳು. ಇವುಗಳ ದೊಡ್ಡ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಯಾರಾದರೂ ಬರೆಯುತ್ತಿದ್ದರೆ ಬೇಗ ಮುಗಿಸಿ.

ಕತೆಗಳಲ್ಲಿ ಇನ್ನು ಯಾರನ್ನು ಓದಬಹುದು?

ಮಹಾಂತೇಶ ನವಲಕಲ್ ಅವರ ‘ಬುದ್ಧಗಂಟೆಯ ಸದ್ದು’ ಹುಡುಕಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ ಎಚ್.ಟಿ. ಪೋತೆ ಅವರ ಕತೆ, ಕಾದಂಬರಿಗಳಲ್ಲಿ ದಲಿತ ಬದುಕು ಒಳಗಿನಿಂದ ಬರುತ್ತದೆ, ‘ಬಯಲೆಂಬೊ ಬಯಲು’ ಅವರ ಕಾದಂಬರಿಗಳಲ್ಲಿ ಒಂದು. ಉಳಿದ ಹೆಸರುಗಳಿಗೆ ಕೆಳಗಿನ ರಾಯಚೂರು ಪ್ರಶ್ನೆ ನೋಡಿ.

ಎಲ್ಲ ಕವಿಗಳೂ ಗಜಲ್ ಯಾಕೆ ಬರೆಯುತ್ತಾರೆ?

ಎಲ್ಲರೂ ಅಲ್ಲ, ಆದರೆ ಹಾಗೆ ಅನ್ನಿಸುವಷ್ಟು ಮಂದಿ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಮೂರೂ ಜಿಲ್ಲೆಗಳ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಇಲ್ಲಿ ಮಕ್ಕಳಿಗೂ ಗೊತ್ತು. ಹೀಗಾಗಿ ನಮ್ಮ ಅಜ್ಜಂದಿರಲ್ಲಿ ಅಕ್ಷರ ಕಲಿತವರಿಗೆ ಉರ್ದು ಬರುತ್ತಿತ್ತು, ಅಕ್ಷರ ಕಲಿಯದವರಿಗೆ ಕವ್ವಾಲಿ ಬರುತ್ತಿತ್ತು. ಬಂದೇನವಾಜರ ದರ್ಗಾದ ಉರುಸಿಗೆ ಹೋದವನ ಕಿವಿಗೆ ಗಜಲ್‌ನ ಪ್ರಾಸದ ಕಟ್ಟು, ಅಂದರೆ ರದೀಫ್, ಕಾಫಿಯಾ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕನ್ನಡದಲ್ಲಿ ಆ ರೂಪವನ್ನು ಗಂಭೀರವಾಗಿ ನೆಲೆಗೊಳಿಸಿದವರು ರಾಯಚೂರು ಜಿಲ್ಲೆಯ ಹೆಂಬೇರಾಳ ಊರಿನ ಶಾಂತರಸರು. 2006ರಲ್ಲಿ ಬೀದರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ತಮ್ಮದೇ ದನಿ ಕಂಡುಕೊಂಡರು, ‘ನಲವತ್ತು ಗಜಲುಗಳು’ ಅವರ ಸಂಕಲನ. ಅಲ್ಲಿಂದ ಮುಂದೆ ದಾರಿ ಹೆದ್ದಾರಿಯಾಯಿತು. ಶಹಾಪುರದ ಸಿದ್ಧರಾಮ ಹೊನ್ಕಲ್, ಕಲಬುರಗಿಯ ಮಲ್ಲಿನಾಥ ತಳವಾರ ಇವತ್ತು ಈ ರೂಪದಲ್ಲಿ ಬಿಡದೆ ಕೆಲಸ ಮಾಡುತ್ತಿರುವವರಲ್ಲಿ ಇಬ್ಬರು.

ಗಜಲ್ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಗಂಟಲಿನಿಂದ ಹಾಡಿದರೆ ಎಲ್ಲ ಗಜಲೂ ಚೆನ್ನಾಗಿಯೇ ಕೇಳಿಸುತ್ತದೆ. ಅದಕ್ಕೇ ಕಾಗದದ ಮೇಲೆ ನೋಡಬೇಕು. ಉದಾಹರಣೆಗೆ ನಾನೇ ಎರಡು ಷೇರ್, ಅಂದರೆ ಎರಡೆರಡು ಸಾಲಿನ ಜೋಡಿ, ಕಟ್ಟಿದ್ದೇನೆ, ಕವಿಗಳು ಕ್ಷಮಿಸಲಿ:

ಮೋಡ ಬಂದು ಮುಖ ತೋರಿಸಿ ಹೋಯಿತು, ಬರಲಿಲ್ಲ ಮಳೆ ಈ ಸಲ
ತೊಗರಿ ಹೊಲದಾಗ ಹೂವಿಗಿಂತ ಹೆಚ್ಚು ಕಳೆ ಈ ಸಲ

ಹೈದರಾಬಾದ್ ಬಸ್ಸು ಹತ್ತಿದ ಮಗನಿಗೆ ಅವ್ವ ಕಟ್ಟಿಕೊಟ್ಟದ್ದು
ನಾಲ್ಕು ರೊಟ್ಟಿ, ಒಂದಿಷ್ಟು ಹಿಂಡಿ, ಜೊತೆಗೆ ಗುಳೆ ಈ ಸಲ

ಮೊದಲ ಜೋಡಿ ಮತ್ಲಾ. ಅದರ ಎರಡೂ ಸಾಲು ‘ಈ ಸಲ’ ಅಂತ ಮುಗಿಯುತ್ತವೆ, ಅದು ರದೀಫ್. ಅದಕ್ಕೆ ಮುಂಚೆ ಬರುವ ಮಳೆ, ಕಳೆ, ಗುಳೆ ಕಾಫಿಯಾ. ಎರಡನೇ ಜೋಡಿಯಿಂದ ಕೆಳಗಿನ ಸಾಲು ಮಾತ್ರ ಈ ಕಟ್ಟಿಗೆ ಒಳಪಡುತ್ತದೆ, ಮೇಲಿನದು ಬಿಡುವಾಗಿ ನಡೆಯುತ್ತದೆ. ಕೊನೆಯ ಷೇರ್‌ನಲ್ಲಿ ಕವಿಯ ಕಾವ್ಯನಾಮ ಬಂದರೆ ಅದು ಮಕ್ತಾ. ಇನ್ನು ಪ್ರತಿ ಷೇರ್ ತನ್ನಷ್ಟಕ್ಕೆ ತಾನೇ ನಿಲ್ಲಬೇಕು, ನಡುವಿನದೊಂದನ್ನು ಕಿತ್ತು ಗೆಳೆಯನಿಗೆ ಹೇಳಿದರೆ ಅವನಿಗೆ ತಾಗಬೇಕು.

ಈಗ ಪರೀಕ್ಷೆ. ಕಾಫಿಯಾದ ಪದ ಅಲ್ಲಿ ಪ್ರಾಸಕ್ಕಾಗಿ ಬಂದಿದೆಯೋ, ಅರ್ಥಕ್ಕಾಗಿ ಬಂದಿದೆಯೋ? ‘ಗುಳೆ’ ಬುತ್ತಿಯ ಜೊತೆ ಬಂದದ್ದರಿಂದ ಏನೋ ಒಂದು ಆಯಿತು. ಅದೇ ಜಾಗದಲ್ಲಿ ‘ಕೊಳೆ’ ಹಾಕಿದ್ದರೂ ಪ್ರಾಸ ಕೂಡುತ್ತಿತ್ತು, ಏನೂ ಆಗುತ್ತಿರಲಿಲ್ಲ. ಇವತ್ತು ಬರುತ್ತಿರುವ ಗಜಲ್ ಸಂಕಲನಗಳಲ್ಲಿ ಸಾಕಿ, ಮಧುಬಟ್ಟಲು, ಗೋರಿ, ಮುಳ್ಳು ಗುಲಾಬಿ ಇವು ಎಷ್ಟು ಸಲ ಬರುತ್ತವೆ ಅಂದರೆ ಬೆರಳು ಸಾಲುವುದಿಲ್ಲ. ಬರೆದವರು ಜೀವಮಾನದಲ್ಲಿ ಚಹಾ ಬಿಟ್ಟು ಬೇರೇನೂ ಕುಡಿದಿರುವುದಿಲ್ಲ! ಉರ್ದುವಿನಲ್ಲಿ ಆ ಪ್ರತಿಮೆಗಳ ಹಿಂದೆ ನೂರಾರು ವರ್ಷದ ಸೂಫಿ ಮಾತುಕತೆ ಇದೆ. ಕನ್ನಡಕ್ಕೆ ಬರುವಾಗ ಅದು ಬಿಟ್ಟುಹೋಗಿ ಬಾಟಲಿ ಮಾತ್ರ ಉಳಿದಿದ್ದರೆ ಆ ಪುಸ್ತಕ ಬಿಡಿ. ಜೋಳ, ಜಾಲಿ, ಮೊಹರಂನ ಅಲಾಯಿ ಕುಣಿ, ಭೀಮಾ ನದಿಯ ಮರಳು ಲಾರಿ ಇವು ಗಜಲ್ ಒಳಗೆ ಬಂದು ಅಲ್ಲಿ ಅಸಹಜ ಅನ್ನಿಸದೆ ನಿಂತರೆ ಆ ಕವಿಯ ಮುಂದಿನ ಪುಸ್ತಕವನ್ನೂ ಕೊಳ್ಳಿ.

ಗಜಲ್ ಬಿಟ್ಟು ಕವಿತೆ?

ವಿಕ್ರಮ ವಿಸಾಜಿ. ಬೀದರ್ ಸೀಮೆಯವರು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ. ‘ತಮಾಷಾ’ ಸಂಕಲನದಿಂದ ಶುರು ಮಾಡಬಹುದು. ದನಿ ಎತ್ತರಿಸದೆ ಬರೆಯುವ ಕವಿ, ಹಾಗಾಗಿ ಒಂದೇ ಓದಿಗೆ ಏನೂ ಆಗಲಿಲ್ಲ ಅನ್ನಿಸಬಹುದು. ಇನ್ನೊಮ್ಮೆ ಓದಿ. ನಾಟಕದ ರುಚಿ ಇದ್ದರೆ ಅವರ ‘ರಕ್ತವಿಲಾಪ’ವೂ ಇದೆ.

ಇದಕ್ಕೆ ತೀರ ಎದುರು ದಿಕ್ಕು ಚೆನ್ನಣ್ಣ ವಾಲೀಕಾರ. ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯವರು, ಬಂಡಾಯದ ಗಟ್ಟಿ ಗಂಟಲು, 2019ರ ನವೆಂಬರ್‌ನಲ್ಲಿ ತೀರಿಕೊಂಡರು. ‘ವ್ಯೋಮಾವ್ಯೋಮ’ ಅಂತ ಮಹಾಕಾವ್ಯವನ್ನೇ ಬರೆದಿಟ್ಟಿದ್ದಾರೆ. ಅದನ್ನು ಪೂರ್ತಿ ಓದಿದವರು ನನ್ನ ಪರಿಚಯದಲ್ಲಿ ಕಡಿಮೆ, ಹೊಗಳಿದವರು ಜಾಸ್ತಿ. ಬಿಡಿ ಕವಿತೆಗಳಿಂದ, ಹಾಡುಗಳಿಂದ ಒಳಗೆ ಹೋಗಿ.

ಇನ್ನು ಕವಿತೆ ಅಂದರೆ ಪುಸ್ತಕವೇ ಆಗಬೇಕಿಲ್ಲ. ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನ ತತ್ವಪದ ಇವತ್ತಿಗೂ ಏಕತಾರಿ ಹಿಡಿದು ಹಾಡುವವರಿದ್ದಾರೆ. ಮೊಹರಂನಲ್ಲಿ ರಿವಾಯತ್ ಪದ ಕಟ್ಟುವವರು ಪ್ರತಿ ವರ್ಷ ಹೊಸ ಸಾಲು ಸೇರಿಸುತ್ತಾರೆ, ಅದರಲ್ಲಿ ಲಾಕ್‌ಡೌನೂ ಬಂದಿದೆ, ಚುನಾವಣೆಯೂ ಬಂದಿದೆ. ಹೊಸ ಕವಿತೆ ಹುಡುಕುವವರು ಅಲ್ಲಿಗೂ ಒಮ್ಮೆ ಕಿವಿ ಕೊಡಿ.

ಯಾದಗಿರಿಯವರ ಹೆಸರು ಯಾಕೆ ಕಡಿಮೆ ಕೇಳುತ್ತೇವೆ?

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದೇ 2009ರ ಕೊನೆಗೆ. ಅದಕ್ಕೂ ಮುಂಚಿನ ಶಹಾಪುರ, ಸುರಪುರದ ಲೇಖಕರೆಲ್ಲ ಹಳೆಯ ಪುಸ್ತಕಗಳ ಬೆನ್ನಿನಲ್ಲಿ ‘ಗುಲಬರ್ಗಾ ಜಿಲ್ಲೆ’ಅಂತಲೇ ಇದ್ದಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ಸಗರನಾಡಿನವರು ಅಂತ. ಗ್ರಂಥಾಲಯದಲ್ಲಿ ಹುಡುಕುವಾಗ ಈ ಮೂರೂ ಹೆಸರಿನಿಂದ ಹುಡುಕಿ.

ರಾಯಚೂರು, ಕೊಪ್ಪಳ, ವಿಜಯನಗರದವರನ್ನು ಈ ಪಟ್ಟಿಗೆ ಸೇರಿಸಬಹುದೇ?

ಧಾರಾಳವಾಗಿ. 2019ರಲ್ಲಿ ಸರ್ಕಾರ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು. ಓದುಗರ ಮಟ್ಟಿಗೆ ಅದು ಮುಂಚಿನಿಂದಲೂ ಒಂದೇ ಓಣಿ. ನಿಜ ಹೇಳಬೇಕೆಂದರೆ ಈಚಿನ ವರ್ಷಗಳಲ್ಲಿ ರಾಜ್ಯದ ಗಮನ ಸೆಳೆದ ಕೆಲವು ಪುಸ್ತಕಗಳು ಬಂದದ್ದು ನಮ್ಮ ಮೂರು ಜಿಲ್ಲೆಗಳಿಗಿಂತ ಆ ಕಡೆಯಿಂದ. ಇದನ್ನು ಬರೆದದ್ದಕ್ಕೆ ಕಲಬುರಗಿಯ ಗೆಳೆಯರು ಬಯ್ಯುತ್ತಾರೆ, ಬಯ್ಯಲಿ.

ರಾಯಚೂರಿನ ಆರಿಫ್ ರಾಜಾ ಅವರ ‘ಜಂಗಮ ಫಕೀರನ ಜೋಳಿಗೆ’ಗೆ 2012ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ. ಹೆಸರಿನಲ್ಲೇ ಜಂಗಮ, ಫಕೀರ ಇಬ್ಬರೂ ಇದ್ದಾರೆ, ಒಳಗೂ ಇದ್ದಾರೆ. ಹಗರಿಬೊಮ್ಮನಹಳ್ಳಿಯ ದಾದಾಪೀರ್ ಜೈಮನ್ ಅವರ ಕತೆಗಳ ‘ನೀಲಕುರಿಂಜಿ’ಗೆ 2022ರಲ್ಲಿ, ಮಂಜುನಾಯಕ ಚಳ್ಳೂರು ಅವರ ‘ಫೂ ಮತ್ತು ಇತರ ಕತೆಗಳು’ ಸಂಕಲನಕ್ಕೆ 2023ರಲ್ಲಿ ಅದೇ ಪುರಸ್ಕಾರ. ಎರಡನ್ನೂ ಒಟ್ಟಿಗೆ ಓದಿ. ಇವರಿಗಿಂತ ಹಿರಿಯರಾದ ಅಮರೇಶ ನುಗಡೋಣಿ ಅವರನ್ನು ಬಿಟ್ಟರೆ ಪಟ್ಟಿ ಕುಂಟುತ್ತದೆ. ಅವರ ‘ಸವಾರಿ’ ಕತೆಯಿಂದ ಗಿರೀಶ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಮಾಡಿದರು. ಸಿನಿಮಾ ನೋಡಿದವರೂ ಕತೆ ಓದಬೇಕು, ಹಾಳೆಯ ಮೇಲೆ ಅದರ ಬಿಗುವೇ ಬೇರೆ.

ಹೆಣ್ಣುಮಕ್ಕಳ ಬರಹ?

ಗೀತಾ ನಾಗಭೂಷಣ ಆದಮೇಲೆ ಯಾರು ಅನ್ನುವುದು ಎಲ್ಲರೂ ಕೇಳುವ, ಯಾರೂ ನೆಟ್ಟಗೆ ಉತ್ತರಿಸದ ಪ್ರಶ್ನೆ. ಕವಿತೆಯಲ್ಲಿ, ಗಜಲ್‌ನಲ್ಲಿ, ಲಲಿತ ಪ್ರಬಂಧದಲ್ಲಿ ಬರೆಯುವವರು ತುಂಬಾ ಇದ್ದಾರೆ, ಬೀದರಿನ ಮಹಿಳಾ ಕವಿಗೋಷ್ಠಿಗೆ ಹೋದರೆ ಕುರ್ಚಿ ಸಿಗುವುದಿಲ್ಲ. ಕಾದಂಬರಿಗೆ ಬೇಕಾದ ಬಿಡುವು ಸಿಗದಿರುವುದು ಸಮಸ್ಯೆ. ಶಾಲೆಯ ಕೆಲಸ, ಮನೆಯ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತರೆ ಹದಿನಾಲ್ಕು ಸಾಲಿನ ಕವಿತೆ ಆದೀತು, ನಾಲ್ಕು ನೂರು ಪುಟ ಆಗುವುದು ಕಷ್ಟ. ಬಂಡಾಯ ಕಾಲದ ವಿಜಯಶ್ರೀ ಸಬರದ ಅವರ ಕವಿತೆಗಳನ್ನು ಓದಿಕೊಂಡು ಈಚೆಗೆ ಬನ್ನಿ, ಸಿಟ್ಟು ಎಲ್ಲಿ ಮುಂದುವರಿದಿದೆ, ಎಲ್ಲಿ ಬರೀ ನಿಟ್ಟುಸಿರಾಗಿದೆ ಅನ್ನುವುದು ಗೊತ್ತಾಗುತ್ತದೆ.

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಇಲ್ಲಿನ ಕಾಲೇಜು ಹುಡುಗಿಯರು ಕತೆ ಕೇಳಿಕೊಂಡು ಬರುವುದು ಹೆಚ್ಚಾಗಿದೆ. ಹಾಸನದ ಲೇಖಕಿ, ದೀಪಾ ಭಾಸ್ತಿ ಅನುವಾದ, ನಮ್ಮ ಸೀಮೆಗೆ ನೇರ ಸಂಬಂಧ ಇಲ್ಲ. ಆದರೂ ದರ್ಗಾ ಓಣಿಯ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿ ತನ್ನ ಮನೆಯ ಕತೆ ಬರೆಯಬಹುದು ಅಂತ ಅಂದುಕೊಂಡರೆ ಅದು ದೊಡ್ಡ ಸಂಬಂಧವೇ.

ಉರ್ದು, ದಖ್ಖನಿ ಬರಹವೂ ಇಲ್ಲಿ ಇದೆಯಲ್ಲ?

ಇದೆ, ಮತ್ತು ಕನ್ನಡದ ಪಟ್ಟಿಗಳು ಅದನ್ನು ಬಿಟ್ಟೇಬಿಡುತ್ತವೆ. ಉರ್ದು ಹಾಸ್ಯ ಲೇಖಕ ಮುಜ್ತಬಾ ಹುಸೇನ್ ಇದೇ ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದವರು, ಪದ್ಮಶ್ರೀ ಪಡೆದವರು. ಸುಲೇಮಾನ್ ಖತೀಬ್ ಬರೆದದ್ದು ಓಣಿಯಲ್ಲಿ ಆಡುವ ದಖ್ಖನಿಯಲ್ಲೇ, ‘ಕೇವ್ಡೇ ಕಾ ಬನ್’ ಅವರ ಸಂಕಲನ. ಅವರ ಪದ್ಯಗಳನ್ನು ಬಾಯಿಪಾಠ ಹೇಳುವ ಹಿರಿಯರು ಇನ್ನೂ ಸಿಗುತ್ತಾರೆ. ಅತ್ತೆ ಸೊಸೆ ಜಗಳದ ಪದ್ಯ ಕೇಳಿದರೆ ಅರ್ಧ ಪದಗಳು ಕನ್ನಡದವರಿಗೂ ಸಲೀಸಾಗಿ ತಿಳಿಯುತ್ತವೆ. ಕನ್ನಡ ಲಿಪಿಯಲ್ಲಿ ಒಂದು ಒಳ್ಳೆಯ ದಖ್ಖನಿ ಸಂಗ್ರಹ ಬಂದರೆ ಕೊಳ್ಳುವವರಿದ್ದಾರೆ, ನಾನೇ ಒಂದಷ್ಟು ಪ್ರತಿ ಮಾರಿಕೊಡುತ್ತೇನೆ.

ಪ್ರಶಸ್ತಿ ನೋಡಿ ಪುಸ್ತಕ ಆರಿಸಬಹುದಾ?

ಸ್ವಲ್ಪ ಮಟ್ಟಿಗೆ. ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರದ ಪಟ್ಟಿ ಓದುವವರಿಗೆ ನಿಜಕ್ಕೂ ಉಪಯೋಗ. ಗುಲಬರ್ಗಾ ವಿಶ್ವವಿದ್ಯಾಲಯ ರಾಜ್ಯೋತ್ಸವಕ್ಕೆ ಕೊಡುವ ಪುಸ್ತಕ ಬಹುಮಾನಗಳಿಂದ ಈ ಭಾಗದಲ್ಲಿ ಆ ವರ್ಷ ಏನು ಬಂತು ಅನ್ನುವುದಾದರೂ ತಿಳಿಯುತ್ತದೆ. ಸೇಡಂನಿಂದ ಪ್ರತಿ ವರ್ಷ ಕೊಡುವ ‘ಅಮ್ಮ ಪ್ರಶಸ್ತಿ’ ಇಡೀ ನಾಡಿನ ಲೇಖಕರನ್ನು ಒಂದು ತಾಲ್ಲೂಕು ಕೇಂದ್ರಕ್ಕೆ ಕರೆತರುತ್ತದೆ. ಆ ಕಾರ್ಯಕ್ರಮಕ್ಕೆ ಹೋದರೆ ಲೇಖಕರ ಕೈಯಿಂದಲೇ ಪುಸ್ತಕ ಸಿಗುತ್ತದೆ. ಶಾಲು, ಹಾರ, ಫಲಕದ ಉಳಿದ ಪ್ರಶಸ್ತಿಗಳ ಬಗ್ಗೆ ನಾನು ಮಾತಾಡುವುದಿಲ್ಲ. ಒಂದೇ ಓಣಿಯಲ್ಲಿ ಬದುಕಬೇಕು.

ಮುನ್ನುಡಿ?

ಕೊನೆಗೆ ಓದಿ.

ಪುಸ್ತಕ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಇಲ್ಲಿನ ಲೇಖಕರನ್ನು ಓದುವವರು ಕಡಿಮೆ ಅನ್ನುವುದರ ಹಿಂದೆ ರುಚಿಗಿಂತ ಹೆಚ್ಚಾಗಿ ಈ ಸಾಗಾಣಿಕೆಯ ಲೆಕ್ಕವೇ ಇದೆ.

ಹೇಗೆ ನಡೆಯುತ್ತದೆ ನೋಡಿ. ಜಿಲ್ಲೆಯ ಕವಿಯೊಬ್ಬರು ಸಂಕಲನ ತರುತ್ತಾರೆ, ಹೆಚ್ಚಾಗಿ ಸ್ವಂತ ದುಡ್ಡು, ಸ್ವಂತ ಪ್ರಕಾಶನ. ಒಂದಿಷ್ಟು ಪ್ರತಿ ಬಿಡುಗಡೆಯ ದಿನ ಗೌರವ ಪ್ರತಿಯಾಗಿ ಹೋಗುತ್ತವೆ. ಒಂದಿಷ್ಟನ್ನು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾದಿರಿಸುತ್ತಾರೆ. ಆಯ್ಕೆಯಾದರೆ ಖರ್ಚು ಹುಟ್ಟುತ್ತದೆ, ಹಣ ಬರುವುದು ತಡವಾಗುತ್ತದೆ. ಉಳಿದದ್ದು ಮನೆಯ ಅಟ್ಟದ ಮೇಲೆ. ಅಂಗಡಿಯವರಿಗೆ ಮಾರಾಟದ ಮೇಲೆ ರಿಯಾಯಿತಿ ಬೇಕು, ಕವಿಗೆ ಅಷ್ಟು ಬಿಟ್ಟುಕೊಡಲು ಆಗದು. ಹೀಗಾಗಿ ಕಲಬುರಗಿಯಲ್ಲಿ ಅಚ್ಚಾದ ಪುಸ್ತಕ ಕಲಬುರಗಿಯ ಅಂಗಡಿಗೆ ಬರುವುದಿಲ್ಲ.

ದಾರಿಗಳು ಇವೆ. ಕಲಬುರಗಿಯ ಸಿದ್ಧಲಿಂಗೇಶ್ವರ ಪ್ರಕಾಶನ ಈ ಭಾಗದ ಲೇಖಕರನ್ನು ದಂಡಿಯಾಗಿ ತಂದಿದೆ, ಮೊದಲು ಅಲ್ಲಿ ಕೇಳಿ. ಅಲ್ಲಿ ಒಂದೇ ಸಲಕ್ಕೆ ಹತ್ತಾರು ಪುಸ್ತಕ ಬಿಡುಗಡೆಯಾಗುವ ರೂಢಿ ಇರುವುದರಿಂದ ಒಳ್ಳೆಯದು, ಸಾಧಾರಣದ್ದು ಎರಡೂ ಒಂದೇ ಕಪಾಟಿನಲ್ಲಿರುತ್ತವೆ, ನಿಂತು ಎರಡು ಪುಟ ಓದಿ ಆರಿಸಿ. ನವಕರ್ನಾಟಕದ ಕಲಬುರಗಿ ಮಳಿಗೆಯಲ್ಲಿ ರಾಜ್ಯದ ಉಳಿದ ಪ್ರಕಾಶನಗಳದ್ದು ಸಿಗುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಇ–ಪುಸ್ತಕ, ಆಡಿಯೋ ಪುಸ್ತಕಕ್ಕೆ ಮೈಲ್ಯಾಂಗ್ ಆ್ಯಪ್ ಇದೆ. ಭಾಷೆ ತೊಡಕು ಅನ್ನುವವರಿಗೆ ಕೇಳುವ ಪುಸ್ತಕ ನಿಜಕ್ಕೂ ಅನುಕೂಲ. ಹಳ್ಳಿಯಲ್ಲಿರುವವರು ಪಂಚಾಯಿತಿ ಗ್ರಂಥಾಲಯವನ್ನು ಕಡೆಗಣಿಸಬೇಡಿ: ಮೇಲೆ ಹೇಳಿದ ಸಗಟು ಖರೀದಿಯ ಪುಸ್ತಕಗಳು ಬಂದು ಬೀಳುವುದು ಗ್ರಂಥಾಲಯಗಳಿಗೇ, ಕೆಲವೊಮ್ಮೆ ಕಟ್ಟು ಕೂಡ ಬಿಚ್ಚಿರುವುದಿಲ್ಲ.

ಏನೂ ಆಗದಿದ್ದರೆ ಲೇಖಕರಿಗೇ ಫೋನು ಮಾಡಿ. ಪುಸ್ತಕದ ಎರಡನೇ ಪುಟದಲ್ಲಿ ನಂಬರು ಇರುತ್ತದೆ. ಒಂದು ವಿನಂತಿ: ದುಡ್ಡು ಕೊಟ್ಟು ತೆಗೆದುಕೊಳ್ಳಿ. ‘ಒಂದು ಪ್ರತಿ ಕಳಿಸ್ರಿ ಸರ್, ಓದಿ ಅಭಿಪ್ರಾಯ ಹೇಳ್ತೀನಿ’ ಅನ್ನುವವರಿಂದಲೇ ಆ ಅಟ್ಟ ಖಾಲಿಯಾಗಿದೆ, ಜೇಬು ತುಂಬಿಲ್ಲ.

ನಾಲ್ಕು ಜನ ಸೇರಿ ಓದಬೇಕು ಅಂತ ಇದೆ. ಹೇಗೆ ನಡೆಸುವುದು?

ಕತೆಯಿಂದ ಶುರು ಮಾಡಿ, ಕಾದಂಬರಿ ಬೇಡ. ತಿಂಗಳಿಗೆ ಒಂದು ಕತೆ, ಅಲ್ಲೇ ಕೂತು ಒಬ್ಬರು ಜೋರಾಗಿ ಓದುವುದು. ಮನೆಯಲ್ಲಿ ಓದಿಕೊಂಡು ಬನ್ನಿ ಅಂದರೆ ಯಾರೂ ಓದಿರುವುದಿಲ್ಲ, ಎಲ್ಲರೂ ಅಭಿಪ್ರಾಯ ಮಾತ್ರ ತಂದಿರುತ್ತಾರೆ. ಲೇಖಕರನ್ನು ಮೊದಲ ಕೂಟಕ್ಕೇ ಕರೆಯಬೇಡಿ. ಕರೆದರೆ ಸನ್ಮಾನವಾಗುತ್ತದೆ, ಚರ್ಚೆಯಾಗುವುದಿಲ್ಲ. ಬೇಸಿಗೆಯಲ್ಲಿ ಸಂಜೆ ಆರೂವರೆಗೆ ಮುಂಚೆ ಇಟ್ಟರೆ ಜನ ಬರುವುದಿಲ್ಲ, ಅದು ನಮ್ಮೂರಿನ ಬಿಸಿಲು.

ಹೈಸ್ಕೂಲು ಮಕ್ಕಳಿಗೆ ಏನು ಕೊಡಬಹುದು?

ಮೇಲಿನ ಪಟ್ಟಿಯಿಂದ ಬಿಡಿ ಕತೆಗಳನ್ನು ಆರಿಸಿ ನೀವೇ ಓದಿ ಹೇಳಿ. ‘ಬದುಕು’ ಪದವಿ ತರಗತಿಯ ಮಕ್ಕಳಿಗೆ ಸರಿ, ಹೈಸ್ಕೂಲಿಗೆ ಬೇಡ. ಮಕ್ಕಳಿಗಾಗಿಯೇ ಈ ಮಾತಿನಲ್ಲಿ ಬರೆದ ಪುಸ್ತಕ ಕಡಿಮೆ, ಶಾಲೆಯ ಗೋಡೆ ಪತ್ರಿಕೆಯಲ್ಲಿ ಮಕ್ಕಳೇ ಬರೆದದ್ದು ಎಷ್ಟೋ ಸಲ ಅವಕ್ಕಿಂತ ಚೆನ್ನಾಗಿರುತ್ತದೆ.

ನಾನೂ ಬರೆಯುತ್ತೇನೆ. ಎಲ್ಲಿಗೆ ಕಳಿಸಲಿ?

ಪುಸ್ತಕ ಮಾಡಲು ಆತುರ ಬೇಡ. ಒಂದು ಕತೆ ‘ಮಯೂರ’ಕ್ಕೋ ‘ತುಷಾರ’ಕ್ಕೋ ಕಳಿಸಿ. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆಗೆ ಪ್ರತಿ ವರ್ಷ ಈ ಕಡೆಯಿಂದ ಕತೆಗಳು ಹೋಗುತ್ತವೆ, ಬುಕ್ ಬ್ರಹ್ಮದವರೂ ಕಥಾಸ್ಪರ್ಧೆ ನಡೆಸುತ್ತಾರೆ. ಸಂಕಲನದಷ್ಟು ಕತೆಗಳಾಗಿದ್ದರೆ ಛಂದ ಪುಸ್ತಕದವರು ಹೊಸ ಕತೆಗಾರರ ಹಸ್ತಪ್ರತಿಗೆ ಕೊಡುವ ಬಹುಮಾನದ ಪ್ರಕಟಣೆಗೆ ಕಾಯಿರಿ. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದಿಂದ ಯುವ ಬರಹಗಾರರಿಗೆ ಪ್ರೋತ್ಸಾಹಧನ ಇದೆ, ವಯಸ್ಸಿನ ಮಿತಿ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಕಳಿಸುವ ಮುಂಚೆ ನಿಮ್ಮ ಕತೆಯನ್ನು ಮನೆಯಲ್ಲಿ ಓದಲು ಬಾರದ ಯಾರಿಗಾದರೂ ಓದಿ ಹೇಳಿ. ಅವರು ಎಲ್ಲಿ ಎದ್ದು ಒಲೆಯ ಕಡೆ ಹೋದರೋ ಆ ಪ್ಯಾರಾ ತೆಗೆಯಿರಿ. ಮತ್ತೆ, ಸಂಪಾದಕರು ತಿದ್ದುತ್ತಾರೆ ಅಂತ ಅಂಜಿ ‘ಬರ್ಲಾಕತ್ತೀನಿ’ಯನ್ನು ‘ಬರುತ್ತಿದ್ದೇನೆ’ ಮಾಡಬೇಡಿ. ತಿದ್ದುವುದಾದರೆ ಅವರೇ ತಿದ್ದಲಿ, ಆಮೇಲೆ ಫೋನು ಮಾಡಿ ಜಗಳ ಆಡಬಹುದು.